ಟರ್ನ್‌ಟೇಬಲ್ ತಂತಿಯಲ್ಲಿ ಗುಂಯ್ ಸದ್ದು: ಮನೆಯಲ್ಲೇ ಶೀಲ್ಡ್ ಸುತ್ತಿದರೆ ಹೋಗುತ್ತಾ?

ಕ್ಯಾತ್ಸಂದ್ರ_33 (ತುಮಕೂರು)

ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್), ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿ ಕೂರುವ ತಲೆ), ಹೊರಗಿನ ಫೋನೋ ಪ್ರೀಆಂಪ್ (ಕಾರ್ಟ್ರಿಜ್‌ನ ಸಣ್ಣ ಸಿಗ್ನಲ್ ಎತ್ತುವ ಡಬ್ಬಿ), ಅಲ್ಲಿಂದ ಆಂಪ್ಲಿಫೈಯರ್. ಕೇಬಲ್ ಟಿವಿಯ ಸೆಟ್‌ಟಾಪ್ ಬಾಕ್ಸ್ ಕೂಡ ಅದೇ ಆಂಪ್ಲಿಫೈಯರ್‌ಗೆ. ಟರ್ನ್‌ಟೇಬಲ್‌ನಿಂದ ಪ್ರೀಆಂಪ್‌ಗೆ 2 ಮೀಟರ್ ಮಾಮೂಲಿ ಆರ್‌ಸಿಎ ವೈರ್. ವಾಲ್ಯೂಮ್ ಅರ್ಧ ದಾಟಿದರೆ ಗುಂಯ್ ಅನ್ನುತ್ತೆ, ಅದರ ಮೇಲೆ ಸಣ್ಣಗೆ ಜರ್ರ್ ಕೂಡ ಇದೆ. ಶೀಲ್ಡ್ ಆಗಲಿ, ಅಂದರೆ ಹೊರಗಿನ ಗಲಾಟೆ ತಡೆಯುವ ಲೋಹದ ಹೊದಿಕೆ ಆಗಲಿ ಅಂತ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಎರಡು ಸುತ್ತು ಸುತ್ತಿ ಮೇಲೆ ಕಪ್ಪು ಟೇಪ್ ಹಾಕಿದೆ. ಕಮ್ಮಿಯಾಗಿಲ್ಲ, ಫಾಯಿಲ್ ಮುಟ್ಟಿದರೆ ಇನ್ನೂ ಜೋರಾಗುತ್ತೆ. ಎಲ್ಲಿ ತಪ್ಪಿದೆ?

ತಿಪಟೂರು_ಬೆಸುಗೆ

ಆ ಫಾಯಿಲ್ ಎಲ್ಲಿಗೆ ಸೇರಿದೆ ಅಣ್ಣ? ಎಲ್ಲಿಗೂ ಸೇರಿಸಿಲ್ಲ ಅಂದರೆ ಅದು ಶೀಲ್ಡ್ ಅಲ್ಲ, ತಂತಿಗೆ ಹೊದಿಸಿದ ಆಂಟೆನಾ. ಗೋಡೆಯೊಳಗಿನ ವೈರಿಂಗ್‌ನ ವಿದ್ಯುತ್ ಕ್ಷೇತ್ರ ಫಾಯಿಲ್ ಮೇಲೆ ಕೂತು ಅಲ್ಲಿಂದ ಒಳಗಿನ ತಂತಿಗೆ ದಾಟುತ್ತೆ. ನಿಮ್ಮ ಮೈಮೇಲೂ 50 ಹರ್ಟ್ಸ್ ಇದ್ದೇ ಇರುತ್ತೆ, ಮುಟ್ಟಿದಾಗ ಅದೂ ಸೇರಿಕೊಳ್ಳುತ್ತೆ. ಫಾಯಿಲ್‌ಗೆ ತಾಗಿಸಿ ಒಂದು ಬೆತ್ತಲೆ ತಂತಿ ಉದ್ದಕ್ಕೂ ಎಳೆದು ಪ್ರೀಆಂಪ್‌ನ ಜಿಎನ್‌ಡಿ (ಗ್ರೌಂಡ್) ಸ್ಕ್ರೂಗೆ ಕಟ್ಟಿದರೆ ಆಗ ಅದು ಶೀಲ್ಡ್. ಅಲ್ಯೂಮಿನಿಯಂಗೆ ಮಾಮೂಲಿ ಬೆಸುಗೆ ಲೆಡ್ ಹಿಡಿಯೋದಿಲ್ಲ, ಅದಕ್ಕೇ ಫಾಯಿಲ್ ಇರುವ ಕೇಬಲ್‌ಗಳಲ್ಲಿ ಡ್ರೈನ್ ವೈರ್ ಅಂತ ಒಂದು ಬೆತ್ತಲೆ ಎಳೆ ಕೊಟ್ಟಿರ್ತಾರೆ.

ಆದರೆ ಈಗಲೇ ಬೆಸುಗೆ ಕಡ್ಡಿ ಬಿಸಿ ಮಾಡಬೇಡಿ. ಶೀಲ್ಡ್ ತಡೆಯೋದು ಮೂರು ಥರದ ಗಲಾಟೆಯಲ್ಲಿ ಒಂದನ್ನು ಮಾತ್ರ.

ಮೊದಲನೆಯದು ವಿದ್ಯುತ್ ಕ್ಷೇತ್ರ. ತಂತಿಗೆ ಕೈ ಹತ್ತಿರ ತಂದಾಗ ಸದ್ದು ಬದಲಾಗುತ್ತೆ. ಇದಕ್ಕೆ ಶೀಲ್ಡ್ ಸರಿಯಾದ ಮದ್ದು.

ಎರಡನೆಯದು ಟ್ರಾನ್ಸ್‌ಫಾರ್ಮರ್, ಮೋಟರ್‌ಗಳ ಕಾಂತಕ್ಷೇತ್ರ. ತಂತಿಯನ್ನು ಆಚೀಚೆ ಸರಿಸಿದರೆ, ಅಡಾಪ್ಟರ್ ತಿರುಗಿಸಿ ಇಟ್ಟರೆ ಬದಲಾಗುತ್ತೆ. ಇದಕ್ಕೆ ಫಾಯಿಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 50 ಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಕ್ಷೇತ್ರ ಲೋಹದೊಳಗೆ ಇಳಿಯುವ ಆಳ) 9 ಮಿಲಿಮೀಟರ್ ಮೇಲಿದೆ, ಅಡುಗೆ ಫಾಯಿಲ್ ಇರೋದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು ದಪ್ಪ. ಕಾಂತಕ್ಷೇತ್ರಕ್ಕೆ ಅದು ಕಾಣಿಸೋದೂ ಇಲ್ಲ.

ಮೂರನೆಯದು ಗ್ರೌಂಡ್ ಲೂಪ್, ಅಂದರೆ ಸೆಟ್‌ಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ನೆಲಕ್ಕೆ ಸೇರಿ ಆದ ಸುತ್ತು. ತಂತಿ ಎಲ್ಲಿಟ್ಟರೂ, ಹೇಗಿಟ್ಟರೂ ಸದ್ದು ಹಾಗೇ ಇರುತ್ತೆ.

ಯಾವುದು ಅಂತ ಹಿಡಿಯೋಕೆ ಹೀಗೆ ಮಾಡಿ. ಎರಡು ಹಳೇ ಆರ್‌ಸಿಎ ಪಿನ್ ತಗೊಂಡು ನಡುವಿನ ಕಡ್ಡಿಗೂ ಹೊರ ಬಳೆಗೂ ಶಾರ್ಟ್ ಮಾಡಿ. ಪ್ರತಿ ಸಲ ಆಂಪ್ ಆಫ್ ಮಾಡಿಯೇ ಪಿನ್ ಕೀಳಿ: ಆರ್‌ಸಿಎಯಲ್ಲಿ ಮೊದಲು ಬಿಡೋದು ಗ್ರೌಂಡ್, ಆನ್ ಇದ್ದಾಗ ಕಿತ್ತರೆ ಬರುವ ಹೊಡೆತಕ್ಕೆ ಟ್ವೀಟರ್ ಹೋಗಬಹುದು.

ಒಂದು: ಆಂಪ್‌ನ ಎಲ್ಲ ಇನ್‌ಪುಟ್ ಕಿತ್ತು ಕೇಳಿ. ಆಗಲೂ ಸದ್ದಿದ್ದರೆ ಆಂಪ್ ಒಳಗೇ ತೊಂದರೆ, ಬಹುತೇಕ ಸಪ್ಲೈ ಕೆಪಾಸಿಟರ್ ಒಣಗಿರುತ್ತೆ. ಅದು 50 ಅಲ್ಲ, 100 ಹರ್ಟ್ಸ್‌ನ ಸದ್ದು.
ಎರಡು: ಪ್ರೀಆಂಪ್ ಸೇರಿಸಿ, ಅದರ ಇನ್‌ಪುಟ್‌ಗೆ ಶಾರ್ಟ್ ಪಿನ್ ಹಾಕಿ. ಈಗ ಸದ್ದು ಬಂದರೆ ಪ್ರೀಆಂಪ್ ಕಡೆಯದು.
ಮೂರು: ಶಾರ್ಟ್ ಪಿನ್ ತೆಗೆದು 2 ಮೀಟರ್ ವೈರ್ ಹಾಕಿ. ಟರ್ನ್‌ಟೇಬಲ್ ಕಡೆಯ ತುದಿಯಲ್ಲಿ ಕಡ್ಡಿಗೂ ಬಳೆಗೂ ನಡುವೆ 1 ಕಿಲೋಓಮ್ ರೆಸಿಸ್ಟರ್ ಕಟ್ಟಿ, ಟರ್ನ್‌ಟೇಬಲ್‌ಗೆ ತಾಗದ ಹಾಗೆ ಬಿಡಿ. ಈಗ ಬರುವ ಸದ್ದು ತಂತಿ ಹಿಡಿದದ್ದು.
ನಾಲ್ಕು: ಟರ್ನ್‌ಟೇಬಲ್ ಸೇರಿಸಿ. ಇಲ್ಲಿ ಮಾತ್ರ ಹೊಸದಾಗಿ ಬಂದರೆ ಗ್ರೌಂಡ್ ವೈರ್ ಅಥವಾ ಹೆಡ್‌ಶೆಲ್ (ಕಾರ್ಟ್ರಿಜ್ ಕೂರುವ ತುದಿ) ನೋಡಬೇಕು.

ಕೋಲಾರ_ಓಮ್

ಮೇಲಿನದಕ್ಕೆ ಸೇರಿಸಿ: ನಾಲ್ಕೂ ಆದಮೇಲೆ ಸೆಟ್‌ಟಾಪ್ ಬಾಕ್ಸ್ ಸೇರಿಸಿ ಕೇಳಿ, ಆಮೇಲೆ ಅದರ ಹಿಂದಿನ ಕೇಬಲ್ ಟಿವಿ ವೈರ್ ಬಿಚ್ಚಿ ಕೇಳಿ. ಆ ವೈರ್‌ನ ಹೊರ ಜಾಲರಿ ಬೀದಿಯ ಕಂಬದ ಕಡೆ ಎಲ್ಲೋ ನೆಲಕ್ಕೆ ಸೇರಿರುತ್ತೆ, ನಿಮ್ಮ ಆಂಪ್ ಮೂರು ಪಿನ್ನಿನ ಅರ್ಥ್‌ನಲ್ಲಿ ಸೇರಿರುತ್ತೆ. ಎರಡು ನೆಲದ ನಡುವಿನ ವೋಲ್ಟೇಜ್ ನಿಮ್ಮ ಆರ್‌ಸಿಎ ಶೀಲ್ಡ್ ಮೇಲೆ ಓಡಾಡುತ್ತೆ.

ಯಾರಾದರೂ "ಮೂರನೇ ಪಿನ್ ಮುರಿದುಬಿಡಿ, ಸದ್ದು ಹೋಗುತ್ತೆ" ಅಂದರೆ ಕೇಳಬೇಡಿ. ಸದ್ದು ಹೋಗೋದು ನಿಜ. ಒಳಗೆ ಫೇಸ್ ಎಲ್ಲಾದರೂ ಡಬ್ಬಿಗೆ ತಾಗಿದ ದಿನ ಆಂಪ್‌ನ ಇಡೀ ಮೈ 230 ವೋಲ್ಟ್, ಆರ್‌ಸಿಎ ಬಳೆ ಮೂಲಕ ಟರ್ನ್‌ಟೇಬಲ್‌ನ ಟೋನ್‌ಆರ್ಮ್ (ಕಾರ್ಟ್ರಿಜ್ ಹೊತ್ತ ತೋಳು) ಕೂಡ.

ಕ್ಯಾತ್ಸಂದ್ರ_33

ಮಾಡಿ ನೋಡಿದೆ. ಒಂದು, ಎರಡರಲ್ಲಿ ಪೂರ್ತಿ ಮೌನ. ಮೂರರಲ್ಲಿ ಗುಂಯ್ ಚೆನ್ನಾಗಿ ಕೇಳುತ್ತೆ. ವೈರ್ ಎಕ್ಸ್‌ಟೆನ್ಷನ್ ಬಾಕ್ಸ್ ಪಕ್ಕದಲ್ಲೇ ಹಾದುಹೋಗಿತ್ತು, ಮೇಲಕ್ಕೆ ಎತ್ತಿ ಹಿಡಿದರೆ ಮುಕ್ಕಾಲು ಪಾಲು ಇಳೀತು. ಆ ಬಾಕ್ಸ್‌ನಲ್ಲೇ ಪ್ರೀಆಂಪ್‌ನ ಭಾರವಾದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಇದೆ. ನಾಲ್ಕರಲ್ಲಿ ಹೊಸದೇನೂ ಇಲ್ಲ. ಸೆಟ್‌ಟಾಪ್ ಬಾಕ್ಸ್ ಸೇರಿಸಿದ ಕೂಡಲೇ ಜರ್ರ್ ಬಂತು, ಟಿವಿ ವೈರ್ ಬಿಚ್ಚಿದರೆ ಮಾಯ.

ಚಿಂತಾಮಣಿ_ಟೊರಾಯ್ಡ್

ಅಂದರೆ ಮುಕ್ಕಾಲು ಪಾಲು ಅಡಾಪ್ಟರ್‌ನ ಕಾಂತಕ್ಷೇತ್ರ. ಟ್ರಾನ್ಸ್‌ಫಾರ್ಮರ್‌ನಿಂದ ಸೋರುವ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತೆ. ದೂರ ಎರಡು ಪಟ್ಟಾದರೆ ಸದ್ದು ಎಂಟರಲ್ಲಿ ಒಂದು ಪಾಲು, ಅಂದರೆ 18 ಡೆಸಿಬೆಲ್ ಕಮ್ಮಿ. 10 ಸೆಂಟಿಮೀಟರ್ ದೂರದಲ್ಲಿದ್ದ ತಂತಿಯನ್ನು 40ಕ್ಕೆ ಒಯ್ದರೆ 36 ಡೆಸಿಬೆಲ್, ಒಂದು ಪೈಸೆ ಖರ್ಚಿಲ್ಲದೆ. ಪವರ್ ಕಾರ್ಡ್ ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಜೊತೆಯಲ್ಲೇ ಸಾಲಾಗಿ ಓಡಿಸಬೇಡಿ. ಉದ್ದ ಮಿಕ್ಕಿದೆ ಅಂತ ಸುತ್ತಿ ಸಿಂಬೆ ಮಾಡಿ ಅಡಾಪ್ಟರ್ ಪಕ್ಕ ಇಡೋದಂತೂ ಬೇಡವೇ ಬೇಡ.

ಟಿವಿಗೆ ಸುಲಭ ದಾರಿ: ಟಿವಿ ಅಥವಾ ಬಾಕ್ಸ್‌ನಲ್ಲಿ ಆಪ್ಟಿಕಲ್ ಔಟ್ ಇದ್ದು ಆಂಪ್‌ನಲ್ಲಿ ಆಪ್ಟಿಕಲ್ ಇನ್ ಇದ್ದರೆ ಅದನ್ನು ಹಾಕಿ. ಬೆಳಕಿನ ತಂತಿಯಲ್ಲಿ ಗ್ರೌಂಡ್ ದಾಟೋಕೆ ತಾಮ್ರವೇ ಇಲ್ಲ. ಇಲ್ಲದಿದ್ದರೆ ಟಿವಿ ವೈರ್‌ಗೆ ಗಾಲ್ವನಿಕ್ ಐಸೊಲೇಟರ್ (ಸಿಗ್ನಲ್ ಬಿಟ್ಟು ಗ್ರೌಂಡ್ ಕಡಿಯುವ ಡಬ್ಬಿ), ಅದೂ ಸಿಗದಿದ್ದರೆ ಬಾಕ್ಸ್‌ನ ಆಡಿಯೋ ಔಟ್‌ಗೆ 1:1 ಆಡಿಯೋ ಟ್ರಾನ್ಸ್‌ಫಾರ್ಮರ್.

ಕ್ಯಾತ್ಸಂದ್ರ_33

ಜಾಗದ ಕೆಲಸ ಮಾಡ್ತೀನಿ. ಆದರೂ ಈ ವೈರ್ ಬಹಳ ತೆಳು, ಬಗ್ಗಿಸಿದರೆ ಕರಕರ ಅನ್ನುತ್ತೆ. ಹೊಸದು ಮಾಡೋದೇ ಆದರೆ ಹೇಗೆ? ಏನೇನು ತರಬೇಕು?

ತಿಪಟೂರು_ಬೆಸುಗೆ

ಎರಡು ಬೇರೆ ಬೇರೆ ವೈರ್ ಅಂತಲೇ ಇಟ್ಟುಕೊಳ್ಳಿ. ಪ್ರೀಆಂಪ್‌ನಿಂದ ಆಂಪ್‌ಗೆ ಹೋಗೋದು ಲೈನ್ ಲೆವೆಲ್ (ಆಗಲೇ ಎತ್ತಿದ ದೊಡ್ಡ ಸಿಗ್ನಲ್), ಅಲ್ಲಿ ಕೈಯಿಂದ ಜಾಲರಿ ಹೊದಿಸಿದ ವೈರ್ ಚೆನ್ನ. ಟರ್ನ್‌ಟೇಬಲ್‌ನಿಂದ ಪ್ರೀಆಂಪ್‌ಗೆ ಬೇರೆ ಲೆಕ್ಕ, ಅದನ್ನು ಕೊನೆಗೆ ಹೇಳ್ತೀನಿ.

ಲೈನ್ ವೈರ್, 1 ಮೀಟರ್, ಎರಡು ಚಾನೆಲ್‌ಗೆ: 7/36 (36 ಗೇಜಿನ 7 ಎಳೆಯ) ಹುಕ್‌ಅಪ್ ವೈರ್ ಕೆಂಪು 2.4 ಮೀಟರ್, ಕಪ್ಪು 2.4 ಮೀಟರ್. ತವರ ಲೇಪಿಸಿದ ತಾಮ್ರದ ಬ್ರೇಡ್ ಸ್ಲೀವ್ (ಜಾಲರಿ), ಚಪ್ಪಟೆ ಮಾಡಿದಾಗ 6 ಮಿಲಿಮೀಟರ್ ಅಗಲದ್ದು, 2.6 ಮೀಟರ್. ಪ್ಲಂಬರ್‌ಗಳ ಬಿಳಿ ಟೆಫ್ಲಾನ್ ಟೇಪ್ ಒಂದು ಸುರುಳಿ. 8 ಮಿಲಿಮೀಟರ್ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) 2.2 ಮೀಟರ್. ಲೋಹದ ಮೈಯ ಆರ್‌ಸಿಎ ಪಿನ್ 4, ಹಿಂದಿನ ತೂತು 6 ಮಿಲಿಮೀಟರ್‌ಗಿಂತ ದೊಡ್ಡದಿರಬೇಕು. 60/40 ಲೆಡ್ 22 ಗೇಜ್, ರೋಸಿನ್ ಫ್ಲಕ್ಸ್. ತುಮಕೂರಿನಲ್ಲಿ ಬ್ರೇಡ್ ಸ್ಲೀವ್ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹುಡುಕಿ.

ಕೆಂಪು, ಕಪ್ಪು ತಲಾ 1.2 ಮೀಟರ್ ಕತ್ತರಿಸಿ ಒಂದು ತುದಿ ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ಡ್ರಿಲ್ ಮೆಷಿನ್ ಬಾಯಿಗೆ. ನಿಧಾನ ವೇಗದಲ್ಲಿ ತಿರುಗಿಸಿ, 10 ಸೆಂಟಿಮೀಟರಿಗೆ 7–8 ಸುತ್ತು ಬರಲಿ. ಉದ್ದ ಸ್ವಲ್ಪ ಕುಗ್ಗುತ್ತೆ, ಅದಕ್ಕೇ ಮಿಕ್ಕಿಸಿ ಕತ್ತರಿಸಿದ್ದು. ಮೇಲೆ ಟೆಫ್ಲಾನ್ ಟೇಪ್ ಅರ್ಧಕ್ಕರ್ಧ ಮೇಲೆ ಬರುವಂತೆ ಒಂದೇ ಪದರ. ಜಾಲರಿಯ ಎಳೆ ತುದಿಯಲ್ಲಿ ಚುಚ್ಚಿ ಒಳಗಿನ ಪ್ಲಾಸ್ಟಿಕ್ ತೂತು ಮಾಡೋದನ್ನು ಇದು ತಪ್ಪಿಸುತ್ತೆ.

ಬ್ರೇಡ್ ಹಾಕೋದು ಸುಲಭ: ಎರಡೂ ತುದಿಯಿಂದ ಒಳಕ್ಕೆ ಒತ್ತಿದರೆ ಅದು ಹಿಗ್ಗಿ ಪೈಪಿನಂತಾಗುತ್ತೆ. ಒಳಗೆ ಹುರಿ ತೂರಿಸಿ, ಒಂದು ತುದಿ ಹಿಡಿದು ಕೈಯಿಂದ ನೀವುತ್ತಾ ಎಳೆಯಿರಿ, ಬಿಗಿಯಾಗಿ ಕೂರುತ್ತೆ. ಒಂದೊಂದು ಚಾನೆಲ್‌ಗೆ 1.3 ಮೀಟರ್ ಯಾಕೆ ಅಂದರೆ ಹಿಗ್ಗಿದಾಗ ಉದ್ದ ಕಮ್ಮಿಯಾಗುತ್ತೆ. ಆಮೇಲೆ ಹೀಟ್ ಶ್ರಿಂಕ್.

ಈಗ ಎಲ್ಲರೂ ಮರೆಯುವ ಹೆಜ್ಜೆ: ಪಿನ್ನಿನ ಹಿಂದಿನ ಮುಚ್ಚಳ, ಸ್ಪ್ರಿಂಗ್, ಬಾಯಿ ಯಾವ ಕಡೆ ಅಂತ ನೋಡಿ, ಮೊದಲೇ ವೈರ್‌ಗೆ ತೂರಿಸಿಡಿ. ಬೆಸುಗೆ ಆದಮೇಲೆ ನೆನಪಾದರೆ ಎಲ್ಲ ಬಿಚ್ಚಬೇಕು.

ಪಿನ್ನನ್ನು ಯಾವುದಾದರೂ ಹಾಳಾದ ಸೆಟ್‌ನ ಸಾಕೆಟ್‌ಗೆ ಚುಚ್ಚಿಟ್ಟು ಬೆಸುಗೆ ಹಾಕಿ. ಬಿಸಿ ಸಾಕೆಟ್‌ಗೆ ಹೋಗುತ್ತೆ, ಒಳಗಿನ ಪ್ಲಾಸ್ಟಿಕ್ ಮೆತ್ತಗಾದರೂ ನಡುವಿನ ಕಡ್ಡಿ ವಾಲೋದಿಲ್ಲ. ಕೆಂಪು ನಡುವಿನ ಕಡ್ಡಿಗೆ, 25 ವ್ಯಾಟ್ ಐರನ್ ಸಾಕು. ಕಪ್ಪು ಮತ್ತು ಜಾಲರಿ ಎರಡೂ ಹೊರ ಬಳೆಯ ಕಿವಿಗೆ, ಎರಡೂ ತುದಿಯಲ್ಲೂ. ಜಾಲರಿಗೆ 50–60 ವ್ಯಾಟ್, ಅಗಲ ಮೂತಿಯ ಬಿಟ್ ಬೇಕು. ಚಿಕ್ಕ ಐರನ್‌ನಿಂದ ಹತ್ತು ಸೆಕೆಂಡು ಒತ್ತಿ ಹಿಡಿದರೆ ಲೆಡ್ ಹರಿಯೋ ಮೊದಲೇ ಒಳಗಿನ ಪ್ಲಾಸ್ಟಿಕ್ ಕರಗಿರುತ್ತೆ. ದೊಡ್ಡದಾದರೆ ಎರಡು ಮೂರು ಸೆಕೆಂಡಿನ ಕೆಲಸ.

ಶಿಡ್ಲಘಟ್ಟ_ಎಳೆ

ಹುರಿಯ ಬಗ್ಗೆ ಒಂದು ಮಾತು, ನಮ್ಮೂರಿನ ರೇಷ್ಮೆಗೂ ತಂತಿಗೂ ಒಂದೇ ನಿಯಮ: ಎರಡೂ ಎಳೆಯ ಬಿಗಿ ಒಂದೇ ಇರಬೇಕು. ಒಂದು ಸಡಿಲ ಇದ್ದರೆ ಬಿಗಿಯಾದದ್ದು ನೆಟ್ಟಗೆ ನಿಂತು ಇನ್ನೊಂದು ಅದರ ಸುತ್ತ ಬಳ್ಳಿಯಂತೆ ಹಬ್ಬುತ್ತೆ. ಹುರಿಯ ಉಪಯೋಗ ಇರೋದೇ ಪಕ್ಕಪಕ್ಕದ ಕುಣಿಕೆಗಳು ಒಂದಕ್ಕೊಂದು ವಿರುದ್ಧ ವೋಲ್ಟೇಜ್ ಹಿಡಿದು ಕಾಂತಕ್ಷೇತ್ರ ವಜಾ ಆಗೋದರಲ್ಲಿ. ಹಾಗೆ ಹಬ್ಬಿದರೆ ಕುಣಿಕೆಗಳು ಸಮ ಇರೋದಿಲ್ಲ. ಡ್ರಿಲ್ ನಿಲ್ಲಿಸಿ ಬಿಡುವ ಮೊದಲು ಎರಡು ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಬಿಟ್ಟ ತಕ್ಷಣ ಸುರುಳಿ ಬೀಳುತ್ತೆ.

ಮಾಲೂರು_ಹಂಚು

ಬೆಸುಗೆ ಗುರುಗಳೇ, ಜಾಲರಿ ಎರಡೂ ತುದಿಯಲ್ಲಿ ಯಾಕೆ? ಎಲ್ಲ ಕಡೆ ಸೋರ್ಸ್ (ಸಿಗ್ನಲ್ ಹೊರಡುವ) ತುದಿಯಲ್ಲಿ ಮಾತ್ರ ಸೇರಿಸಿ, ಇನ್ನೊಂದು ತುದಿ ಬಿಟ್ಟುಬಿಡಿ ಅಂತಾರೆ. ಎರಡೂ ಕಡೆ ಸೇರಿಸಿದರೆ ಲೂಪ್ ಆಗೋದಿಲ್ವೇ? ಬಾಣದ ಗುರುತು ಹಾಕಿದ ವೈರ್ ಮಾರೋದೂ ಅದಕ್ಕೇ ಅಲ್ವಾ?

ಕೋಲಾರ_ಓಮ್

ಆ ಸಲಹೆ ಬ್ಯಾಲೆನ್ಸ್ಡ್ ವೈರಿಂಗ್‌ನ (ಸಿಗ್ನಲ್‌ಗೆ ಎರಡು ತಂತಿ, ಶೀಲ್ಡ್ ಬೇರೆ) ಲೋಕದಿಂದ ದಾರಿ ತಪ್ಪಿ ಬಂದದ್ದು. ಆರ್‌ಸಿಎಯಲ್ಲಿ ಹೊರ ಬಳೆಯೇ ಸಿಗ್ನಲ್‌ನ ವಾಪಸ್ ದಾರಿ. ಜಾಲರಿ ಒಂದು ಕಡೆ ಬಿಟ್ಟರೂ ಲೂಪ್ ಕಡಿಯೋದಿಲ್ಲ, ಕಪ್ಪು ತಂತಿ ಎರಡು ಡಬ್ಬಿಯನ್ನೂ ಸೇರಿಸಿಯೇ ಇರುತ್ತೆ. ನೀವು ಮಾಡಿದ್ದು ಏನೆಂದರೆ ಅಗಲ ರಸ್ತೆ ಮುಚ್ಚಿ ಎಲ್ಲ ಗಾಡಿಯನ್ನೂ ಓಣಿಗೆ ನುಗ್ಗಿಸಿದ್ದು.

ಲೆಕ್ಕ ಹಾಕೋಣ. ಎರಡು ಪಿನ್ನಿನ ಎಸ್‌ಎಂಪಿಎಸ್ (ಮೊಬೈಲ್ ಚಾರ್ಜರ್ ಥರದ ಹಗುರ) ಅಡಾಪ್ಟರ್ ಒಳಗೆ ಪ್ರೈಮರಿಯಿಂದ ಸೆಕೆಂಡರಿಗೆ ಒಂದು ವೈ ಕೆಪಾಸಿಟರ್ ಇರುತ್ತೆ. 2.2 ನ್ಯಾನೋಫ್ಯಾರಡ್ ಅಂತ ಇಟ್ಟುಕೊಂಡರೆ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸೋರಿಕೆ 0.16 ಮಿಲಿಆಂಪ್ ತನಕ. ಅದು ನಿಮ್ಮ ಆರ್‌ಸಿಎ ಗ್ರೌಂಡ್ ಮೂಲಕವೇ ಅರ್ಥ್‌ಗೆ ಹೋಗಬೇಕು. 7/36 ತಂತಿ ಮೀಟರಿಗೆ ಸುಮಾರು 84 ಮಿಲಿಓಮ್, 2 ಮೀಟರಿಗೆ 168. ವೋಲ್ಟೇಜ್ 27 ಮೈಕ್ರೋವೋಲ್ಟ್, ನೇರವಾಗಿ ಸಿಗ್ನಲ್ ಜೊತೆ ಸೇರುತ್ತೆ.

ಸಿಡಿ ಪ್ಲೇಯರ್‌ನ 2 ವೋಲ್ಟ್ ಮುಂದೆ ಇದು 97 ಡೆಸಿಬೆಲ್ ಕೆಳಗೆ, ಕೇಳೋದೇ ಇಲ್ಲ. ಕಾರ್ಟ್ರಿಜ್‌ನ 4 ಮಿಲಿವೋಲ್ಟ್ ಮುಂದೆ 43 ಡೆಸಿಬೆಲ್ ಮಾತ್ರ. ಸಾಲದ್ದಕ್ಕೆ ಆರ್‌ಐಎಎ (ರೆಕಾರ್ಡ್‌ಗಾಗಿ ಫೋನೋ ಪ್ರೀಆಂಪ್ ಮಾಡುವ ಸ್ವರದ) ತಿದ್ದುಪಡಿ 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ 50 ಹರ್ಟ್ಸ್ ಅನ್ನು ಇನ್ನೂ 17 ಡೆಸಿಬೆಲ್ ಎತ್ತುತ್ತೆ. ಈಗ ಮೀಟರಿಗೆ 15 ಮಿಲಿಓಮ್‌ನ ಜಾಲರಿಯನ್ನು ಎರಡೂ ತುದಿ ಸೇರಿಸಿದರೆ ಒಟ್ಟು 25 ಮಿಲಿಓಮ್ ಆಸುಪಾಸು, ವೋಲ್ಟೇಜ್ 4 ಮೈಕ್ರೋವೋಲ್ಟ್. 16 ಡೆಸಿಬೆಲ್ ಲಾಭ. ಟರ್ನ್‌ಟೇಬಲ್‌ಗೆ ಬೇರೆ ಗ್ರೌಂಡ್ ವೈರ್ ಕೊಟ್ಟಿರೋದೂ ಈ ಸೋರಿಕೆಗೆ ಪಕ್ಕದ ದಾರಿ ಮಾಡಿಕೊಡೋಕೇ.

ಬಾಣದ ಗುರುತು ನೋಡೋಕೆ ಚೆನ್ನಾಗಿರುತ್ತೆ. ಕಿಲುಬು ಹಿಡಿದ ಒಂದು ಆರ್‌ಸಿಎ ಬಳೆ 100 ಮಿಲಿಓಮ್ ಸೇರಿಸಿ ಮೇಲಿನ ಲೆಕ್ಕವನ್ನೆಲ್ಲ ನೀರುಪಾಲು ಮಾಡಬಲ್ಲದು. ಮೊದಲು ಅದನ್ನು ಐಸೊಪ್ರೊಪೈಲ್‌ನಲ್ಲಿ ಒರೆಸಿ.

ಮಾಲೂರು_ಹಂಚು

ಒಪ್ಪಿದೆ. ಮೈಕ್‌ನ ಎಕ್ಸ್‌ಎಲ್‌ಆರ್‌ನಲ್ಲಿ (ಬ್ಯಾಲೆನ್ಸ್ಡ್ ಮೂರು ಪಿನ್ ವೈರ್)?

ಕೋಲಾರ_ಓಮ್

ಅಲ್ಲಿ ಶೀಲ್ಡ್ ಸಿಗ್ನಲ್ ಹೊರೋದಿಲ್ಲ, ಎರಡೂ ತುದಿಯಲ್ಲಿ ಡಬ್ಬಿಯ ಮೈಗೆ ಸೇರಿದ್ದರೆ ಸಾಕು. ಅದು ಬೇರೆ ಚರ್ಚೆ.

ಚಿಂತಾಮಣಿ_ಟೊರಾಯ್ಡ್

ಟರ್ನ್‌ಟೇಬಲ್ ವೈರ್ ಯಾಕೆ ಬೇರೆ ಅಂತ ನಾನು ಹೇಳ್ತೀನಿ: ಕೆಪಾಸಿಟೆನ್ಸ್, ಅಂದರೆ ತಂತಿಗೂ ಜಾಲರಿಗೂ ನಡುವೆ ಚಾರ್ಜ್ ಹಿಡಿದಿಡುವ ಗುಣ. ಹುರಿ ಮಾಡಿದ ಪಿವಿಸಿ ತಂತಿಗೆ ಜಾಲರಿ ಬಿಗಿದರೆ ಮೀಟರಿಗೆ 150 ಪಿಕೋಫ್ಯಾರಡ್ ದಾಟೋದು ಮಾಮೂಲಿ. ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್‌ಗೆ ಬೇಕಾದದ್ದು ಒಟ್ಟು 100ರಿಂದ 200 ಪಿಕೋಫ್ಯಾರಡ್, ಆರ್ಟೋಫಾನ್ 2ಎಂ ರೆಡ್‌ಗೆ 150ರಿಂದ 300. ಈ ಒಟ್ಟಿನಲ್ಲಿ ಟೋನ್‌ಆರ್ಮ್ ಒಳಗಿನ ತಂತಿ, ವೈರ್, ಪ್ರೀಆಂಪ್ ಇನ್‌ಪುಟ್ ಮೂರೂ ಸೇರಿವೆ. ವಿಎಂ95ಇ ಸುರುಳಿ 550 ಮಿಲಿಹೆನ್ರಿ: 200 ಪಿಕೋಫ್ಯಾರಡ್‌ಗೆ ಅನುರಣನ 15 ಕಿಲೋಹರ್ಟ್ಸ್ ಹತ್ತಿರ, 400 ಆದರೆ 10.7ಕ್ಕೆ ಇಳಿದು ತಾಳದ ಸದ್ದು ಮೊದಲು ಚುಚ್ಚಿ ಆಮೇಲೆ ಮಂಕಾಗುತ್ತೆ. ಗುಂಯ್ ಓಡಿಸೋಕೆ ಹೋಗಿ ಹಾಡು ಕೆಡಿಸಿಕೊಂಡ ಹಾಗೆ.

ಅದಕ್ಕೆ ಇಲ್ಲಿ ಆರ್‌ಜಿ-59 ಕೋಆಕ್ಸ್ (ನಡುವೆ ಒಂದು ತಂತಿ, ಸುತ್ತ ಜಾಲರಿ ಇರುವ ವೈರ್) ಹಾಕಿ, ಚಾನೆಲ್‌ಗೆ ಒಂದರಂತೆ, 1 ಮೀಟರ್ ಮೀರದ ಹಾಗೆ. ಗಟ್ಟಿ ಪಾಲಿಥೀನ್‌ನದು ಮೀಟರಿಗೆ 67 ಪಿಕೋಫ್ಯಾರಡ್ ಅಷ್ಟೇ. ಆದರೆ ಅಂಗಡಿಯಲ್ಲೇ ತುದಿ ಸುಲಿದು ನೋಡಿ. ಜಾಲರಿ ಬೆಳ್ಳಗೆ, ಪುಸುಪುಸು ಅಂತ ಮುರಿಯುವ ಅಲ್ಯೂಮಿನಿಯಂ ಆಗಿದ್ದರೆ ಬಿಡಿ, ಬೆಸುಗೆ ಹಿಡಿಯೋದಿಲ್ಲ, ರೆಸಿಸ್ಟೆನ್ಸೂ ಜಾಸ್ತಿ. ಟಿವಿಯ ಆರ್‌ಜಿ-6ನಲ್ಲಿ ಬಹುತೇಕ ಇದೇ ಕತೆ, ನಡುವಿನ ತಂತಿಯೂ ತಾಮ್ರ ಬಳಿದ ಉಕ್ಕು. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತೆ. ಜಾಲರಿ ತಾಮ್ರದ್ದು, ಒತ್ತೊತ್ತಾಗಿ ಒಳಗಿನ ಬಿಳಿ ಪ್ಲಾಸ್ಟಿಕ್ ಕಾಣದಷ್ಟು ಇರಬೇಕು.

ಕೋಆಕ್ಸ್ ಸ್ವಲ್ಪ ಬಿರುಸು. ಟರ್ನ್‌ಟೇಬಲ್‌ನ ಸಸ್ಪೆನ್ಷನ್ ಎಳೆಯದ ಹಾಗೆ ದೊಡ್ಡ ತಿರುವು ಕೊಡಿ.

ತಿಪಟೂರು_ಬೆಸುಗೆ

ಹಚ್ಚುವ ಮೊದಲು ಮಲ್ಟಿಮೀಟರ್ ಪರೀಕ್ಷೆ. ಪ್ರೋಬ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿ ಬರುವ 0.2–0.3 ಓಮ್ ಕಳೆದುಕೊಳ್ಳಿ. ಕಡ್ಡಿಯಿಂದ ಕಡ್ಡಿಗೆ, ಬಳೆಯಿಂದ ಬಳೆಗೆ ಬಹುತೇಕ ಸೊನ್ನೆ. ಕಡ್ಡಿಗೂ ಬಳೆಗೂ 20 ಮೆಗಾಓಮ್ ರೇಂಜ್‌ನಲ್ಲಿ ಓಪನ್ ಇರಲೇಬೇಕು. ವೈರ್ ಅಲ್ಲಾಡಿಸುತ್ತಾ ನೋಡಿ. ಎರಡು ಮೂರು ಮೆಗಾಓಮ್ ತೋರಿಸಿದರೆ ಮೊದಲು ಪ್ರೋಬ್‌ನ ಲೋಹಕ್ಕೆ ಬೆರಳು ತಾಗಿದೆಯಾ ನೋಡಿ, ಅದು ನಿಮ್ಮ ಮೈಯ ರೆಸಿಸ್ಟೆನ್ಸ್. ಬೆರಳು ತೆಗೆದರೂ ಇದ್ದರೆ ಫ್ಲಕ್ಸ್ ಉಳಿದಿದೆ, ಬ್ರಷ್ ಹಾಕಿ ತೊಳೆಯಿರಿ. ಪೂರ್ತಿ ಶಾರ್ಟ್ ಆಗಿದ್ದರೆ ಜಾಲರಿಯ ಕೂದಲಿನಂಥ ಒಂದು ಎಳೆ ಕಡ್ಡಿಗೆ ತಾಗಿರುತ್ತೆ, ಭೂತಗನ್ನಡಿಯಲ್ಲಿ ಕಾಣುತ್ತೆ.

ಮಾಲೂರು_ಹಂಚು

ಇನ್ನೊಂದು: ಫ್ಯಾನ್ ಹಾಕಿದಾಗ ಮಾತ್ರ ಜರ್ರ್ ಅನ್ನೋರಿಗೆ ವೈರ್ ಬದಲಿಸಿ ಏನೂ ಪ್ರಯೋಜನ ಇಲ್ಲ. ಸಣ್ಣಗೆ ತಿರುಗಿಸುತ್ತಾ ಹೋಗುವ ಡಿಮ್ಮರ್ ಥರದ ರೆಗ್ಯುಲೇಟರ್ ಒಳಗೆ ಟ್ರಯಾಕ್ ಇರುತ್ತೆ, ಸೆಕೆಂಡಿಗೆ 100 ಸಲ ಅಲೆಯನ್ನು ಕತ್ತರಿಸುತ್ತೆ. ಟಕ್ ಟಕ್ ಅಂತ ಐದು ಹೆಜ್ಜೆಯ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿದರೆ ಮುಗೀತು. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗ ಬರುವ ಜರ್ರ್‌ಗೂ ವೈರ್ ಕಾರಣ ಅಲ್ಲ. ಮೊಬೈಲ್ ಹತ್ತಿರ ಇಟ್ಟಾಗ ಟಿಟಿಟ್ ಟಿಟಿಟ್ ಅನ್ನೋದು 2ಜಿಯ 217 ಹರ್ಟ್ಸ್ ಮಿಡಿತ, ಫೋನ್ ಒಂದು ಮೀಟರ್ ದೂರ ಇಡಿ, ವೈರ್‌ನ ಪ್ರೀಆಂಪ್ ತುದಿಗೆ ಕ್ಲಿಪ್ ಫೆರೈಟ್ (ರೇಡಿಯೋ ಗಲಾಟೆ ತಡೆಯುವ ಕಪ್ಪು ಬಿಲ್ಲೆ) ಹಾಕಿ. ಫೆರೈಟ್ 50 ಹರ್ಟ್ಸ್‌ಗೆ ಏನೂ ಮಾಡೋದಿಲ್ಲ, ಆ ಆಸೆಯಲ್ಲಿ ಕೊಳ್ಳಬೇಡಿ.

ಶಿಡ್ಲಘಟ್ಟ_ಎಳೆ

ಬೇಸಿಗೆಯಲ್ಲಿ ಗುಂಯ್ ಜಾಸ್ತಿ, ಅರ್ಥ್ ಗುಂಡಿಗೆ ನೀರು ಹಾಕಿದರೆ ಕಮ್ಮಿಯಾಗುತ್ತೆ ಅಂತ ನಮ್ಮ ಕಡೆ ಹೇಳ್ತಾರೆ. ನಿಜವೇ?

ಕೋಲಾರ_ಓಮ್

ಗುಂಡಿಗೆ ನೀರು ಹಾಕಿ, ಅದು ಜೀವಕ್ಕೆ ಬೇಕು. ನಮ್ಮ ಒಣ ನೆಲದಲ್ಲಿ ಮಾರ್ಚ್ ಬಂತೆಂದರೆ ಗುಂಡಿಯ ರೆಸಿಸ್ಟೆನ್ಸ್ ಏರುತ್ತೆ, ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿಯೂ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಇರಲಿ. ಆದರೆ ಆಡಿಯೋಗೆ ಬೇಕಾದದ್ದು ಎಲ್ಲ ಸೆಟ್‌ಗಳೂ ಒಂದೇ ಮಟ್ಟದಲ್ಲಿರೋದು, ಭೂಮಿಯ ಮಟ್ಟದಲ್ಲಿರೋದಲ್ಲ. ಆಂಪ್, ಪ್ರೀಆಂಪ್, ಟರ್ನ್‌ಟೇಬಲ್, ಟಿವಿ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿದ್ದರೆ ಗುಂಡಿ ಒಣಗಿದ್ದರೂ ಒಟ್ಟಿಗೇ ಏರಿ ಒಟ್ಟಿಗೇ ಇಳೀತವೆ. ಒಂದು ಹಾಲ್‌ನ ಬೋರ್ಡ್‌ಗೆ, ಇನ್ನೊಂದು ರೂಮಿನ ಬೋರ್ಡ್‌ಗೆ ಹಾಕಿದ್ದರೆ ನೀರು ಹಾಕಿಯೂ ಉಪಯೋಗ ಇಲ್ಲ. ಇದರ ಮಧ್ಯೆ ಟಿವಿ ಕೇಬಲ್ ಹೊರಗಿನ ನೆಲ ತಂದರೆ ಆಗ ಮಾತ್ರ ನಿಮ್ಮ ಗುಂಡಿಯ ಸ್ಥಿತಿ ಲೆಕ್ಕಕ್ಕೆ ಬರುತ್ತೆ.

ಕ್ಯಾತ್ಸಂದ್ರ_33

ಅಡಾಪ್ಟರ್ 50 ಸೆಂಟಿಮೀಟರ್ ಆಚೆ, ಟಿವಿ ಆಪ್ಟಿಕಲ್‌ಗೆ, ಆರ್‌ಜಿ-59 ತಾಮ್ರದ ಜಾಲರಿ 1 ಮೀಟರ್ ಹಾಕಿದೆ. ವೈರ್ ಅಳೆದು ನೋಡಿದರೆ 68 ಪಿಕೋಫ್ಯಾರಡ್. ಎಡ ಚಾನೆಲ್ ಈಗ ಮೌನ. ಬಲದಲ್ಲಿ ಮಾತ್ರ ಸಣ್ಣ ಗುಂಯ್ ಉಳಿದಿದೆ, ಹೆಡ್‌ಶೆಲ್ ಹತ್ತಿರ ಬೆರಳು ತಂದರೆ ಜೋರಾಗುತ್ತೆ. ಟರ್ನ್‌ಟೇಬಲ್ ತುದಿಯಲ್ಲಿ ವೈರ್ ಎಡ ಬಲ ಅದಲುಬದಲು ಮಾಡಿದರೆ ಸದ್ದೂ ಎಡಕ್ಕೆ ಹೋಗುತ್ತೆ.

ತಿಪಟೂರು_ಬೆಸುಗೆ

ಹಾಗಾದರೆ ವೈರ್ ನಿರಪರಾಧಿ. ಕಾರ್ಟ್ರಿಜ್ ಹಿಂದಿನ ನಾಲ್ಕು ತಂತಿಯಲ್ಲಿ ಬಿಳಿ ಎಡ ಪ್ಲಸ್, ನೀಲಿ ಎಡ ಮೈನಸ್, ಕೆಂಪು ಬಲ ಪ್ಲಸ್, ಹಸಿರು ಬಲ ಮೈನಸ್. ಹಸಿರಿನ ಕ್ಲಿಪ್ ಸಡಿಲ ಇರಬೇಕು. ಸೂಜಿಗೆ ಕವರ್ ಹಾಕಿ, ಕ್ಲಿಪ್ಪನ್ನು ಟ್ವೀಸರ್‌ನಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ, ತಂತಿ ಹಿಡಿದು ಎಳೆಯಬೇಡಿ. ಹೊರಗೆ ತೆಗೆದ ಮೇಲೆ ಒಳಗೆ ಹಲ್ಲುಕಡ್ಡಿಯ ಮೊನೆ ಇಟ್ಟುಕೊಂಡು ಒಂಚೂರು ಹಿಸುಕಿ, ಕಡ್ಡಿ ಇಲ್ಲದೆ ಹಿಸುಕಿದರೆ ಅಪ್ಪಚ್ಚಿಯಾಗುತ್ತೆ.

ಕ್ಯಾತ್ಸಂದ್ರ_33

ಹಸಿರೇ. ಊದಿದರೆ ಅಲ್ಲಾಡುತ್ತಿತ್ತು. ಬಿಗಿ ಮಾಡಿದೆ, ಈಗ ವಾಲ್ಯೂಮ್ ಮುಕ್ಕಾಲಿಗೆ ಹೋದರೂ ಟೇಪ್ ಹಿಸ್ ಥರ ಸುಯ್ ಅಂತ ಮಾತ್ರ ಇದೆ. ಅದು ಪ್ರೀಆಂಪ್‌ನದೇ?

ಚಿಂತಾಮಣಿ_ಟೊರಾಯ್ಡ್

ಶಾರ್ಟ್ ಪಿನ್ ಹಾಕಿದಾಗಲೂ ಇದ್ದರೆ ಪ್ರೀಆಂಪ್‌ನದು. ಶಾರ್ಟ್‌ನಲ್ಲಿ ಕಮ್ಮಿಯಾಗಿ ಕಾರ್ಟ್ರಿಜ್ ಸೇರಿಸಿದಾಗ ಜಾಸ್ತಿಯಾದರೆ ಸುರುಳಿಯದ್ದೇ ಸದ್ದು, ಅದಕ್ಕೆ ಯಾವ ಜಾಲರಿಯೂ ಇಲ್ಲ.